ಯುಗಾದಿ ಹೊತ್ತಿಗೆ ಹಿತ್ತಲ ತರಕಾರಿ: ಸಂಕ್ರಾಂತಿ ಕಳೆದ ಮೇಲೆ ಏನೇನು ಮಾಡಬೇಕು?

ಪ್ರಶ್ನೆ: ನಮ್ಮ ಮನೆ ತುಮಕೂರಿನ ಹೊರಗೆ ಹೊಸ ಬಡಾವಣೆಯಲ್ಲಿದೆ. ಕಟ್ಟಿಸಿ ಎರಡು ವರ್ಷ ಆಯ್ತು. ಹಿತ್ತಲಲ್ಲಿ 10 ಅಡಿ ಅಗಲ, 15 ಅಡಿ ಉದ್ದದ ಜಾಗ ಇದೆ. ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ ಟೊಮೆಟೊ, ಹುರುಳಿಕಾಯಿ, ಕ್ಯಾರೆಟ್, ಕೊತ್ತಂಬರಿ, ಹೀರೆ, ಹಾಗಲ ಹಾಕಿದ್ದೆ. ಟೊಮೆಟೊ ಎಲೆ ಮುದುಡಿಕೊಂಡು ಗಿಡ ಗಿಡ್ಡ ಆಯ್ತು. ಹುರುಳಿಕಾಯಿ ಹೂವೆಲ್ಲ ಉದುರಿತು. ಕ್ಯಾರೆಟ್ ಕವಲೊಡೆದು ಬೆರಳಿನಷ್ಟೂ ದಪ್ಪ ಆಗಲಿಲ್ಲ. ಹೀರೆ ಬಳ್ಳಿ ತುಂಬ ಹೂ, ಕಾಯಿ ಇಲ್ಲ. ಹಾಗಲಕಾಯಿ ಒಳಗೆಲ್ಲ ಹುಳ. ಅತ್ತೆ ನನಗೆ ಕೈಗುಣ ಇಲ್ಲ ಅಂತಾರೆ. ಪಕ್ಕದ ಮನೆಯವರು ಹಸಿ ಸಗಣಿ, ಒಲೆ ಬೂದಿ ಹಾಕಿ ಅಂತಾರೆ. ನರ್ಸರಿಯವರು ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹೊಡೆಸಿ ಅಂದರು. ನೀರು ಬೋರ್‌ದು, ಗಡಸು. ಆರ್‌ಓ ಯಂತ್ರದಿಂದ ಹೊರಬರುವ ನೀರನ್ನೂ ಗಿಡಕ್ಕೆ ಹಾಕುತ್ತಿದ್ದೆ. ಈಗಷ್ಟೇ ಸಂಕ್ರಾಂತಿ ಮುಗಿದಿದೆ. ಯುಗಾದಿ ಹೊತ್ತಿಗೆ ಮನೆಯ ತರಕಾರಿ ಕಾಣಬಹುದಾ? ಇನ್ನೊಂದು ಸಲ ಖರ್ಚು ಮಾಡಿ ಸೋಲೋಕೆ ಇಷ್ಟ ಇಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ದೂರುಗಳಿವೆ. ಅವುಗಳ ಕೆಳಗೆ ಇರುವ ಚಿಂತೆ ಒಂದೇ: ತಪ್ಪು ನನ್ನದಾ, ಮಣ್ಣಿನದಾ? ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ. ನೀವು ಹಾಕಿದ ಆರು ಬೆಳೆಗಳಲ್ಲಿ ಹುರುಳಿಕಾಯಿ, ಕ್ಯಾರೆಟ್, ಕೊತ್ತಂಬರಿ ತಂಪು ಬಯಸುವಂಥವು. ಟೊಮೆಟೊಗೆ ನಮ್ಮ ಕಡೆ ಬೇಸಿಗೆಯೇ ಅತಿ ಕಷ್ಟದ ಕಾಲ. ಶಿವರಾತ್ರಿ ಮೇಲೆ ಇವನ್ನು ಹಾಕಿದರೆ, ಹೂ ಬಿಡುವ ಹೊತ್ತಿಗೆ ಮಾರ್ಚ್ ಕೊನೆ, ಏಪ್ರಿಲ್ ಬಂದಿರುತ್ತದೆ. ಆಗ ತುಮಕೂರಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ಮುಟ್ಟುತ್ತದೆ. ಎಷ್ಟೇ ಪಳಗಿದ ಕೈಯಾದರೂ ಆ ಬಿಸಿಲಲ್ಲಿ ಹುರುಳಿಕಾಯಿ ಹೂ ನಿಲ್ಲಿಸುವುದು ಕಷ್ಟ. ಇದನ್ನು ಅತ್ತೆಯವರಿಗೂ ಹೇಳಿ.

ವಸಂತದ ಕೈತೋಟ ಅಂತ ಮೊಬೈಲಲ್ಲಿ ಹುಡುಕಿದರೆ ಬರುವ ವಿಡಿಯೊಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳದ್ದು. ಅಲ್ಲಿ ವಸಂತ ಅಂದರೆ ಚಳಿ ಬಿಟ್ಟು ಮಣ್ಣು ಬಿಸಿಯಾಗುವ ಕಾಲ. ಕ್ಯಾರೆಟ್, ಬಟಾಣಿ, ಲೆಟ್ಯೂಸ್ ಬಿತ್ತೋಕೆ ಅದು ಸರಿ. ನಮ್ಮ ಚೈತ್ರ ಬರುವಾಗಲೇ ಸೆಕೆ ಹೊತ್ತು ಬರುತ್ತದೆ. ನಮಗೆ ಮಣ್ಣು ಹದ ಮಾಡೋಕೆ, ಬಿತ್ತೋಕೆ ಸಿಗುವುದು ಸಂಕ್ರಾಂತಿಯಿಂದ ಫೆಬ್ರವರಿ ಮಧ್ಯದವರೆಗಿನ ನಾಲ್ಕು ವಾರ. ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ.

ಆ ವಿಡಿಯೊಗಳಲ್ಲಿ ಕಾಣುವ ಇನ್ನೊಂದು ವಿಷಯ ಮರದ ಹಲಗೆ ಕಟ್ಟಿದ ಎತ್ತರದ ಮಡಿ. ನಮ್ಮ ಮಳೆಗಾಲಕ್ಕೆ ಅದು ಒಳ್ಳೆಯದು, ಬೇರಿನ ಹತ್ತಿರ ನೀರು ನಿಲ್ಲಲ್ಲ. ಬೇಸಿಗೆಯಲ್ಲಿ ಎತ್ತರದ ಮಡಿ ನಾಲ್ಕೂ ಕಡೆಯಿಂದ ಒಣಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬೇಸಿಗೆ ಸೊಪ್ಪಿಗೆ ಸುತ್ತ ಬದು ಕಟ್ಟಿ ಪಾತಿಯನ್ನು ಸ್ವಲ್ಪ ತಗ್ಗು ಮಾಡುತ್ತಾರಲ್ವಾ, ನಿಮಗೂ ಈಗ ಬೇಕಾದದ್ದು ಅದೇ. ಜೂನ್ ಬಂದಾಗ ಅದೇ ಪಾತಿಯನ್ನು ಏರಿಸಿಕೊಂಡರಾಯ್ತು.

ಈಗ ಮಣ್ಣಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಹೊಸ ಮನೆಯ ಹಿತ್ತಲು ಅಂದರೆ ಮನೆ ಕಟ್ಟುವಾಗ ಸಿಮೆಂಟ್ ಕಲಸಿದ ಜಾಗ, ಟೈಲ್ಸ್ ಚೂರು ಸುರಿದ ಜಾಗ, ಪೇಂಟ್ ಡಬ್ಬ ತೊಳೆದ ಜಾಗ. ಮೇಲೆ ಆರಿಂಚು ಕೆಂಪು ಮಣ್ಣು ಹರಡಿ ಕೊಟ್ಟಿರುತ್ತಾರೆ. ಕ್ಯಾರೆಟ್ ಕವಲೊಡೆಯಲು ಒಂದು ಕಾರಣ ಈ ಚೂರುಗಳೇ. ಬೇರು ಇಳಿಯುವಾಗ ಕಲ್ಲು ಅಡ್ಡ ಸಿಕ್ಕರೆ ಸೀಳುತ್ತದೆ. ನೀವು ಹಾರೆ ತಗೊಂಡು ಮೂರು ಕಡೆ ಒಂದೊಂದು ಅಡಿ ಆಳ ಅಗೆದು ನೋಡಿ. ಆರಿಂಚಿನ ಕೆಳಗೆ ಬೂದು ಬಣ್ಣದ ಗಟ್ಟಿ ಪದರ ಸಿಕ್ಕರೆ ಅದು ಸಿಮೆಂಟ್ ಗಾರೆ. ಆ ಮಣ್ಣನ್ನು ಒಂದು ಚಮಚ ತೆಗೆದು, ಒಣಗಿಸಿ, ಪುಡಿ ಮಾಡಿ, ತಟ್ಟೆಯಲ್ಲಿಟ್ಟು ನಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ. ತುಮಕೂರಿನ ಕೆಂಪು ಮಣ್ಣು ತಾನಾಗಿ ಹೀಗೆ ನೊರೆ ಬಿಡುವುದು ಕಡಿಮೆ. ಹಾಗಾಗಿ ನೊರೆ ಬಂದರೆ ಕಟ್ಟಡದ ಕಸದ ಮೇಲೆಯೇ ಅನುಮಾನ ಪಡಬಹುದು.

ಸುಣ್ಣ ಜಾಸ್ತಿ ಆದರೆ ಏನಾಗುತ್ತೆ? ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಗಿಡಕ್ಕೆ ಸಿಗಲ್ಲ. ಚಿಗುರೆಲೆ ಹಳದಿ ಆಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದನ್ನು ನೋಡಿ ನೀರು ಸಾಲದು ಅಂತ ಇನ್ನಷ್ಟು ಬೋರ್ ನೀರು ಸುರಿಯುತ್ತಾರೆ. ಗಡಸು ನೀರಲ್ಲೂ ಸುಣ್ಣವೇ ಇರುವುದು, ತೊಂದರೆ ಇನ್ನೂ ಬಿಗಿಯುತ್ತದೆ. ಆರ್‌ಓ ಯಂತ್ರ ಬಿಡುವ ನೀರಲ್ಲಿ ಲವಣ ಅದಕ್ಕಿಂತಲೂ ಸಾಂದ್ರ. ಅದನ್ನು ನೆಲ ಒರೆಸೋಕೆ, ಟಾಯ್ಲೆಟ್‌ಗೆ ಬಳಸಿ. ತರಕಾರಿ ಪಾತಿಗೆ ಬೇಡ. ಬಟ್ಟೆ ಒಗೆದ ಸೋಪಿನ ನೀರೂ ಬೇಡ. ಅಕ್ಕಿ ಬೇಳೆ ತೊಳೆದ ನೀರು ಧಾರಾಳವಾಗಿ ಹಾಕಿ.

ಪಕ್ಕದ ಮನೆಯವರು ಹೇಳಿದ ಬೂದಿ ವಿಷಯ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಳ್ಳಲ್ಲ. ಜೊತೆಗೆ ಅದು ಕ್ಷಾರ. ಮಲೆನಾಡಿನ ಹುಳಿ ಮಣ್ಣಿಗೆ ಒಳ್ಳೆಯದೇ ಮಾಡೀತು. ಸಿಮೆಂಟ್ ಬೆರೆತ ನಿಮ್ಮ ಮಣ್ಣಿಗೆ ಕೊಡಬಾರದು. ಅಲಸಂದೆ ಚಿಗುರಿಗೆ ಹೇನು ಬಂದಾಗ ಎಲೆ ಮೇಲೆ ಚಿಟಿಕೆ ಬೂದಿ ಉದುರಿಸಿದರೆ ಏನೂ ಆಗಲ್ಲ, ಬುಟ್ಟಿಗಟ್ಟಲೆ ಮಣ್ಣಿಗೆ ಸೇರಿಸಬೇಡಿ ಅಷ್ಟೇ. ಜಿಪ್ಸಂ ಹಾಕಿದರೆ ಸುಣ್ಣ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಸೋಡಿಯಂ ಹೆಚ್ಚಿರುವ ಸವಳು ಮಣ್ಣಿಗೆ ಕೊಡುವ ಮದ್ದು.

ಹಸಿ ಸಗಣಿ ಖಂಡಿತ ಬೇಡ. ಕೊಳೆಯುವಾಗ ಅದು ಬಿಸಿಯಾಗುತ್ತದೆ, ಅಮೋನಿಯ ಬಿಡುತ್ತದೆ, ಎಳೆ ಬೇರು ಸುಡುತ್ತದೆ. ಗೊಣ್ಣೆ ಹುಳುವನ್ನೂ ಗೆದ್ದಲನ್ನೂ ಕರೆಯುತ್ತದೆ, ಕಳೆ ಬೀಜವನ್ನೂ ತರುತ್ತದೆ. ಬೇಕಾದ್ದು ತಿಪ್ಪೆಯಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕೊಳ್ಳುವಾಗ ಚೀಲದ ಒಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಒಳಗೆ ಬಿಸಿ ಇರಬಾರದು. ಮುಷ್ಟಿಯಲ್ಲಿ ಹಿಂಡಿದರೆ ಕೈಗೆ ಅಂಟದೆ ಪುಡಿಯಾಗಬೇಕು. ಹುಲ್ಲಿನ ಕಡ್ಡಿ ಹಾಗೇ ಕಾಣಬಾರದು. ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬರಬೇಕು. ಹಸಿ ಸಗಣಿ ಪುಕ್ಕಟೆ ಸಿಗುತ್ತಿದ್ದರೆ ಬಿಡಬೇಡಿ, ಒಂದು ಮೂಲೆಯಲ್ಲಿ ಎಲೆಗಳ ಜೊತೆ ಗುಡ್ಡೆ ಹಾಕಿ ತೇವ ಇಟ್ಟು ಮುಚ್ಚಿಡಿ. ಮುಂಗಾರಿಗೆ ಗೊಬ್ಬರ ಆಗುತ್ತದೆ.

ಮಣ್ಣಿನ ಬಗ್ಗೆ ನಿಮ್ಮ ಮುಂದೆ ಮೂರು ದಾರಿ ಇದೆ.

ಅಗೆದು ಸೋಸುವುದು ನನಗೆ ಮೆಚ್ಚಿನ ದಾರಿ. ಒಂದು ಅಡಿ ಆಳ ಅಗೆದು, ಮರಳು ಜರಡಿಯಲ್ಲಿ ಹಾಕಿ, ಚೂರುಗಳನ್ನು ಹೊರಗೆ ಸಾಗಿಸಿ. ಬೆವರು ಸುರಿಯುವ ಕೆಲಸ, ಆದರೆ ಒಂದೇ ಸಲ. ಇಬ್ಬರು ಆಳು ಸಿಕ್ಕರೆ ಬೇಗ ಮುಗಿಯುತ್ತದೆ. ಹೊರಗಿನ ಮಣ್ಣು ತರಿಸುವುದು ಎರಡನೆಯದು. ಅಗೆದಾಗ ಮಣ್ಣಿಗಿಂತ ಚೂರೇ ಜಾಸ್ತಿ ಬಂದರೆ ಇದೇ ಗತಿ. ಇದರಲ್ಲಿ ಅಪಾಯ ಇದೆ. ಟ್ರ್ಯಾಕ್ಟರ್ ಮಣ್ಣು ಬಹಳ ಸಲ ಪಾಯ ತೋಡಿದ ಕೆಳಮಣ್ಣು. ನೋಡೋಕೆ ಕೆಂಪಗೆ ಚಂದ, ಸತ್ವ ಕಡಿಮೆ. ಕೆರೆ ಗೋಡು ಒಳ್ಳೆಯದು, ಆದರೆ ಊರಿನ ಚರಂಡಿ ನೀರು ಸೇರುವ ಕೆರೆಯದ್ದು ಬೇಡ. ಯಾವ ಮಣ್ಣೇ ಇರಲಿ, ಇಳಿಸಿಕೊಳ್ಳುವ ಮೊದಲು ಒಂದು ಹಿಡಿ ಕೆದಕಿ ಜೇಕಿನ ಗಡ್ಡೆ ಇದೆಯಾ ನೋಡಿ. ಜೇಕು ಒಮ್ಮೆ ಹಿತ್ತಲಿಗೆ ಬಂದರೆ ವರ್ಷಗಟ್ಟಲೆ ಕೀಳುತ್ತಲೇ ಇರಬೇಕು. ಮೂರನೆಯದು ಗ್ರೋ ಬ್ಯಾಗ್. ಮಣ್ಣು ನಿಮ್ಮ ಹಿಡಿತದಲ್ಲಿರುತ್ತದೆ, ಏಪ್ರಿಲ್ ಬಿಸಿಲಲ್ಲಿ ಮಾತ್ರ ಬ್ಯಾಗ್ ಕಾದು ದಿನಕ್ಕೆರಡು ಸಲ ನೀರು ಕೇಳುತ್ತದೆ. ಊರಿಗೆ ಹೋಗಿ ಬರುವವರಿಗೆ ಇದು ಆಗಲ್ಲ.

ಗೊಬ್ಬರ ಬೆರೆಸುವ ಮೊದಲೇ ಮಣ್ಣು ಪರೀಕ್ಷೆಗೆ ಕೊಡಿ. ನಿಮಗೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ. ಐದಾರು ಕಡೆ ಆರಿಂಚು ಆಳದವರೆಗೆ ಒಂದೇ ಸಮ ಮಣ್ಣು ಕೆತ್ತಿ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಬಟ್ಟೆ ಚೀಲದಲ್ಲಿ ಒಯ್ಯಿರಿ. ರಸಸಾರ (ಪಿಎಚ್, ಮಣ್ಣಿನ ಹುಳಿ-ಕ್ಷಾರದ ಅಳತೆ) ಎಷ್ಟು, ಲವಣ ಎಷ್ಟು ಅಂತ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ನಿಮ್ಮ ಜಾಗ ಸುಮಾರು 14 ಚದರ ಮೀಟರ್. ಓಡಾಡುವ ದಾರಿ ಬಿಟ್ಟರೆ ಗಿಡಕ್ಕೆ ಉಳಿಯುವುದು 9 ಚದರ ಮೀಟರ್ ಅಂದುಕೊಳ್ಳಿ. ಇಂಥ ಬಡ ಮಣ್ಣಿಗೆ ಚದರ ಮೀಟರಿಗೆ 5 ಕೆಜಿಯಂತೆ 45 ಕೆಜಿ ಕಳಿತ ಗೊಬ್ಬರ, ಜೊತೆಗೆ 100 ಗ್ರಾಂನಂತೆ ಬೇವಿನ ಹಿಂಡಿ. ಬೇವಿನ ಹಿಂಡಿ ಬೇರುಗಂಟು ಜಂತುವನ್ನು ಸ್ವಲ್ಪ ತಡೆಯುತ್ತದೆ. ಹಾಗಲ, ಬೆಂಡೆ, ಟೊಮೆಟೊಗೆ ಈ ಜಂತು ಬೇಗ ಹತ್ತುತ್ತದೆ. ಬೆರೆಸಿ, ನೀರು ಹಾಕಿ, ಎರಡು ವಾರ ಸುಮ್ನೆ ಬಿಡಿ. ಆ ಎರಡು ವಾರದಲ್ಲಿ ಕಳೆ ಹುಟ್ಟುತ್ತದೆ. ಅದನ್ನು ಕಿತ್ತು ಆಮೇಲೆ ಬಿತ್ತಿ.

ಒಂದು ಮಾತು, ಇದನ್ನು ಹೆಚ್ಚಿನವರು ಹೇಳುವುದಿಲ್ಲ. ಮನೆ ಗೋಡೆಗೆ ಅಂಟಿಕೊಂಡು ಪಾತಿ ಮಾಡಬೇಡಿ, ಮೂರು ಅಡಿ ಬಿಡಿ. ಈಗಿನ ಮನೆಗಳಿಗೆ ಪಾಯದ ಸುತ್ತ ಗೆದ್ದಲು ಔಷಧಿ ಹಾಕಿಸಿರುತ್ತಾರೆ. ಅದು ಮಣ್ಣಲ್ಲಿ ಬಹಳ ಕಾಲ ನಿಲ್ಲಲೆಂದೇ ಮಾಡಿದ ವಿಷ. ಅಲ್ಲಿ ಸೊಪ್ಪು ಬೆಳೆದು ಮಕ್ಕಳಿಗೆ ಕೊಡಬಾರದು. ಬೇಕಾದರೆ ಗೋಡೆ ಬದಿಗೆ ಹೂಗಿಡ ಇಡಿ.

ಏನು ಬಿತ್ತುವುದು? ಬಿಸಿಲನ್ನು ಇಷ್ಟಪಡುವ ತರಕಾರಿ ನಮ್ಮಲ್ಲಿ ಬೇಕಾದಷ್ಟಿವೆ. ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ, ಸೋರೆ, ಸೌತೆ, ದಂಟು, ಬಸಳೆ. ಹುರುಳಿಕಾಯಿ ಜಾಗಕ್ಕೆ ಗೋರಿಕಾಯಿ, ಅಲಸಂದೆ ಹಾಕಿ. ಪಲ್ಯದ ಆಸೆ ತೀರುತ್ತದೆ. ಕ್ಯಾರೆಟ್‌ ಅನ್ನು ಮಳೆಗಾಲ ಮುಗಿದ ಮೇಲೆ ನೋಡೋಣ.

ಬೆಂಡೆಗೆ ಬೇಸಿಗೆಯಲ್ಲಿ ಹಳದಿ ನಂಜು (ವೈರಸ್) ರೋಗ ಬರುತ್ತದೆ. ಅದನ್ನು ತಡೆದುಕೊಳ್ಳಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅನಾಮಿಕ ತಳಿ ಮಾಡಿದೆ. ಹೀರೆಯಲ್ಲಿ ಅರ್ಕಾ ಸುಮೀತ್, ಹಾಗಲದಲ್ಲಿ ಅರ್ಕಾ ಹರಿತ್, ಸೋರೆಯಲ್ಲಿ ಅರ್ಕಾ ಬಹಾರ್, ದಂಟಿನಲ್ಲಿ ಅರ್ಕಾ ಸುಗುಣ, ಎಲ್ಲ ಅಲ್ಲಿಯವೇ. ಇವು ಸಂಕರ (ಹೈಬ್ರಿಡ್) ತಳಿಗಳಲ್ಲ, ಹಾಗಾಗಿ ಬೀಜ ಎತ್ತಿಟ್ಟುಕೊಳ್ಳಬಹುದು. ಅಂಗಡಿಯ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಇದ್ದರೆ ಔಷಧಿ ಸವರಿದ್ದಾರೆ ಅಂತ ಅರ್ಥ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಉಳಿದದ್ದು ಅಡುಗೆಮನೆಗೆ ಸೇರದಿರಲಿ.

ಫೆಬ್ರವರಿ ಮೊದಲ ವಾರ ಬಿತ್ತಿ. ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಹಾಗಲದ ಬೀಜಕ್ಕೆ ಸಿಪ್ಪೆ ಗಟ್ಟಿ, ಅದನ್ನೂ ರಾತ್ರಿಯೆಲ್ಲ ನೆನೆಸಿ. ಬಳ್ಳಿಗಳಿಗೆ ಒಂದೂವರೆ ಅಡಿಯ ಗುಣಿ ತೆಗೆದು ಗೊಬ್ಬರ ತುಂಬಿ, ಮೂರು ಬೀಜ ಹಾಕಿ, ಮೊಳೆತ ಮೇಲೆ ಎರಡು ಸಸಿ ಉಳಿಸಿ. ನಿಮ್ಮ ಜಾಗಕ್ಕೆ ಎರಡು ಗುಣಿ ಹೀರೆ, ಒಂದು ಗುಣಿ ಹಾಗಲ ಸಾಕು. ಚಪ್ಪರವನ್ನು ಪಶ್ಚಿಮದ ಕಡೆ ಕಟ್ಟಿ. ಏಪ್ರಿಲ್ ಹೊತ್ತಿಗೆ ಬಳ್ಳಿ ಹಬ್ಬಿ, ಇಳಿಬಿಸಿಲು ಸೊಪ್ಪಿನ ಪಾತಿಗೆ ಬೀಳದಂತೆ ತಾನೇ ತಡೆಯುತ್ತದೆ. ದಂಟಿನ ಬೀಜ ಸಣ್ಣದು, ಮರಳಲ್ಲಿ ಬೆರೆಸಿ ಚೆಲ್ಲಿ.

ಇನ್ನು ಹೀರೆಯ ಹೂ. ನಿಮ್ಮ ಬಳ್ಳಿಗೆ ರೋಗ ಇರಲಿಲ್ಲ. ಈ ಜಾತಿಯ ಬಳ್ಳಿಗಳೆಲ್ಲ ಮೊದಲು ಗಂಡು ಹೂ ಬಿಡುತ್ತವೆ, ಹೆಣ್ಣು ಹೂ ಬರುವುದು ಆಮೇಲೆ. ಬಿಸಿಲು ಜಾಸ್ತಿ ಆದಷ್ಟೂ ಗಂಡು ಹೂ ಜಾಸ್ತಿ. ಯೂರಿಯಾ ಸುರಿದರೂ ಬಳ್ಳಿ ಬೆಳೆಯುತ್ತದೆಯೇ ಹೊರತು ಕಾಯಿ ಕಮ್ಮಿ. ಹೀರೆ ಹೂ ಅರಳುವುದು ಸಂಜೆ. ಐದೂವರೆ ಆರರ ಹೊತ್ತಿಗೆ ಚಪ್ಪರದ ಕೆಳಗೆ ನಿಂತು ನೋಡಿ. ಗೊಂಚಲಲ್ಲಿ ಉದ್ದ ತೊಟ್ಟಿಗೆ ಬರುವುದು ಗಂಡು. ಒಂಟಿಯಾಗಿ, ಹೂವಿನ ಹಿಂದೆ ಕಿರುಬೆರಳಿನಂಥ ಪುಟ್ಟ ಹೀರೆಕಾಯಿ ಹೊತ್ತಿರುವುದು ಹೆಣ್ಣು. ಗಂಡು ಹೂ ಒಂದನ್ನು ಕಿತ್ತು, ಹಳದಿ ಎಸಳು ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿ. ಎರಡು ಮೂರು ದಿನದಲ್ಲಿ ಆ ಪುಟ್ಟ ಕಾಯಿ ಉಬ್ಬಿದ್ದರೆ ಕಟ್ಟಿತು ಅಂತ. ಹಳದಿಯಾಗಿ ಸುರುಟಿದರೆ ಪರಾಗ ಸೇರಿಲ್ಲ. ಸೋರೆಯೂ ಸಂಜೆಯೇ ಅರಳುತ್ತದೆ. ಹಾಗಲ, ಸೌತೆ, ಕುಂಬಳಕ್ಕೆ ಇದೇ ಕೆಲಸ ಬೆಳಿಗ್ಗೆ ಮಾಡಬೇಕು. ಅರಳಿದ ಹೂವಿಗೆ ಬೇವಿನೆಣ್ಣೆಯನ್ನೂ ಸಿಂಪಡಿಸಬೇಡಿ, ಜೇನುನೊಣಕ್ಕೆ ತೊಂದರೆ.

ಹಾಗಲದ ಹುಳಕ್ಕೆ ಕಾರಣ ಹಣ್ಣು ನೊಣ. ಅದು ಎಳೆಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಮರಿಗಳು ಒಳಗೆ ತಿಂದು ಬೆಳೆದು, ಮಣ್ಣಿಗೆ ಇಳಿದು ಕೋಶ ಕಟ್ಟುತ್ತವೆ. ಕಾಯಿಯ ಹೊರಗೆ ಔಷಧಿ ಹೊಡೆದರೆ ಒಳಗಿನ ಹುಳ ಸಾಯಲ್ಲ. ಉಳಿದ ವಿಷ ನಿಮ್ಮ ತಟ್ಟೆಗೆ ಬರುತ್ತದೆ ಅಷ್ಟೇ. ಹೊಲಕ್ಕೆ ತಂದು ಉಳಿದ ಔಷಧಿ ಅಂತ ಯಾರಾದರೂ ಬಾಟಲಿ ಕೊಟ್ಟರೆ ದಯವಿಟ್ಟು ತಗೋಬೇಡಿ. ಕಾಯಿ ಹೆಬ್ಬೆರಳಿನಷ್ಟು ಆಗುವ ಮೊದಲೇ ಕಾಗದದ ಚೀಲ ಕಟ್ಟಿ. ಮನೆ ತೋಟಕ್ಕೆ ಇದಕ್ಕಿಂತ ನಂಬಿಕೆಯ ಉಪಾಯ ನಾನು ಕಂಡಿಲ್ಲ. ಮೋಹಕ ಬಲೆ, ಅಂದರೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಡಬ್ಬ, ಕೊಳ್ಳುವುದಾದರೆ ಕ್ಯೂಲೂರ್ ಎಂಬ ಆಕರ್ಷಕ ಇರುವುದನ್ನೇ ಕೇಳಿ. ಮಾವಿನ ನೊಣಕ್ಕೆ ಬಳಸುವ ಮೀಥೈಲ್ ಯೂಜಿನಾಲ್ ಬಲೆಗೆ ಹಾಗಲದ ನೊಣ ಬರಲ್ಲ. ಅಂಗಡಿಯಲ್ಲಿ ಎರಡೂ ಒಂದೇ ಥರದ ಡಬ್ಬದಲ್ಲಿರುತ್ತವೆ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಅದೊಂದನ್ನೇ ನೆಚ್ಚಬೇಡಿ. ಹುಳ ಬಿದ್ದ ಕಾಯಿಯನ್ನು ಗಿಡದ ಬುಡಕ್ಕೆ ಎಸೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಕೆಲವು ದಿನ ಬಿಸಿಲಿಗಿಟ್ಟು ಆಮೇಲೆ ಎಸೆಯಿರಿ.

ಟೊಮೆಟೊ ವಿಷಯಕ್ಕೆ ನೇರವಾಗಿ ಹೇಳುತ್ತೇನೆ. ನಿಮ್ಮ ಗಿಡಕ್ಕೆ ಬಂದದ್ದು ಎಲೆ ಮುಟುರು ರೋಗ. ಬಿಳಿ ನೊಣ ಹರಡುವ ನಂಜು. ಬೇಸಿಗೆಯಲ್ಲಿ ಬಿಳಿ ನೊಣ ಹೆಚ್ಚು, ರೋಗವೂ ಹೆಚ್ಚು. ಬಂದ ಮೇಲೆ ಮದ್ದಿಲ್ಲ. ಮಜ್ಜಿಗೆ, ಮೊಟ್ಟೆ ಚಿಪ್ಪು, ಕಾಫಿ ಚರಟ, ಯಾವುದರಿಂದಲೂ ಆ ಗಿಡ ಸರಿಹೋಗಲ್ಲ. ಮೊದಲ ಗುರುತು ಕಂಡ ದಿನವೇ ಕಿತ್ತರೆ ಪಕ್ಕದ ಗಿಡವಾದರೂ ಉಳಿದೀತು. ಟೊಮೆಟೊ ಬೇಕೇ ಬೇಕು ಅಂದರೆ ಅರ್ಕಾ ರಕ್ಷಕ್ ತಳಿಯ ಮೂರು ಸಸಿ ಸಾಕು. ಎಲೆ ಮುಟುರು, ದುಂಡಾಣು ಸೊರಗು, ಎಲೆಚುಕ್ಕೆಯ ಅಂಗಮಾರಿ, ಮೂರನ್ನೂ ತಡೆದುಕೊಳ್ಳುವ ಸಂಕರ ತಳಿ ಅದು. ಅದರ ಬೀಜ ಎತ್ತಿಡಬೇಡಿ, ಮುಂದಿನ ಗಿಡಗಳಲ್ಲಿ ಗುಣ ಒಡೆದುಹೋಗುತ್ತದೆ. ಸಸಿಯನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯ ಒಳಗೆ ಬೆಳೆಸಿ. ಅಷ್ಟಾದರೂ ಹಗಲು 35 ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂ ಉದುರುತ್ತದೆ. ನನ್ನನ್ನು ಕೇಳಿದರೆ ಈ ಬೇಸಿಗೆಗೆ ಟೊಮೆಟೊ ಅಂಗಡಿಯಿಂದಲೇ ಬರಲಿ. ಜೂನ್ ಮಳೆ ಹಿಡಿದ ಮೇಲೆ ಹಾಕಿ.

ನೀರಿನ ಲೆಕ್ಕ ಈಗಲೇ ಮಾಡಿಕೊಳ್ಳಿ. ಮಾರ್ಚ್, ಏಪ್ರಿಲಲ್ಲಿ ತರಕಾರಿ ಪಾತಿಗೆ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. ನಿಮ್ಮ 9 ಚದರ ಮೀಟರಿಗೆ 45 ಲೀಟರ್, ಅಂದರೆ 15 ಲೀಟರಿನ ಮೂರು ಬಕೆಟ್. ಬೋರ್ ಬತ್ತುವ ಭಯ ಇದ್ದರೆ ಅರ್ಧ ಜಾಗ ಮಾತ್ರ ಬಿತ್ತಿ. ಇರುವ ನೀರನ್ನು ಇಡೀ ಜಾಗಕ್ಕೆ ಚೂರುಚೂರು ಹಂಚಿದರೆ ಯಾವ ಗಿಡವೂ ಕೊಡಲ್ಲ. ಬೆಳಿಗ್ಗೆ ಬುಡಕ್ಕೆ ನಿಧಾನವಾಗಿ ಹಾಕಿ. ನಾಲ್ಕಿಂಚು ಕೆಳಗೆ ಬೆರಳಿಗೆ ತಂಪು ಸಿಕ್ಕರೆ ಆ ದಿನ ಬೇಡ. ಬುಡಕ್ಕೆ ಎರಡು ಮೂರಿಂಚು ಒಣ ಎಲೆ ಹೊದಿಸಿ. ಈಗ ಹೊಂಗೆ ಮರಗಳು ಎಲೆ ಉದುರಿಸುವ ಕಾಲ. ನಿಮ್ಮ ಬೀದಿಯಲ್ಲಿ ಗುಡಿಸಿ ಬೆಂಕಿ ಹಚ್ಚುವ ಮೊದಲು ನಾಲ್ಕು ಚೀಲ ತುಂಬಿಕೊಂಡು ಬನ್ನಿ. ಗೆದ್ದಲು ಕಂಡರೆ ಹೊದಿಕೆಯನ್ನು ಕಾಂಡದಿಂದ ಒಂದು ಗೇಣು ದೂರ ಸರಿಸಿ.

ಯುಗಾದಿ ಹೊತ್ತಿಗೆ ಏನು ಸಿಗುತ್ತೆ ಅಂದಿರಿ. ಫೆಬ್ರವರಿ ಮೊದಲ ವಾರ ಬಿತ್ತಿದರೆ ದಂಟು ಒಂದು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಬೆಂಡೆ 45ರಿಂದ 50 ದಿನ. ಹಬ್ಬ ಬೇಗ ಬಂದ ವರ್ಷ ಮೊದಲ ನಾಲ್ಕು ಕಾಯಿ, ತಡವಾಗಿ ಬಂದ ವರ್ಷ ಒಂದು ಪಲ್ಯಕ್ಕೆ ಆಗುವಷ್ಟು. ಹೀರೆ, ಹಾಗಲ ಹಬ್ಬಕ್ಕೆ ಕೈಗೆ ಬರುವುದು ಅನುಮಾನ, ಏಪ್ರಿಲ್ ಪೂರ್ತಿ ಕೊಡುತ್ತವೆ. ಅಶ್ವಿನಿ, ಭರಣಿ ಮಳೆ ಜೊತೆ ಗಾಳಿ ಜೋರು, ಕೆಲವು ಸಲ ಆಲಿಕಲ್ಲೂ ಬೀಳುತ್ತದೆ. ಅದಕ್ಕೆ ಮುಂಚೆ ಚಪ್ಪರದ ಗೂಟಗಳನ್ನು ಇನ್ನೊಮ್ಮೆ ಗಟ್ಟಿ ಮಾಡಿ. ಮಣ್ಣಿನ ವರದಿ ಕೈಗೆ ಬಂದ ಮೇಲೆ ರಸಸಾರ 8 ದಾಟಿದ್ದರೆ ಬಿತ್ತುವ ಮೊದಲು ನನಗೆ ಇನ್ನೊಮ್ಮೆ ಬರೆಯಿರಿ. ಆಗ ಗೊಬ್ಬರದ ಲೆಕ್ಕ ಸ್ವಲ್ಪ ಬದಲಿಸಬೇಕಾಗುತ್ತದೆ.